ಆಟಿಸಂ ಇರುವ ಮಕ್ಕಳಿಗೆ ಕಲಿಸುವ ಕ್ರಮ: ಒಬ್ಬ ತಾಯಿಯ ಅನುಭವ

(ನಮ್ಮ ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್., ಹನ್ನೊಂದು ವರ್ಷಗಳಿಂದ ಇಲ್ಲೇ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಡಾಕ್ಟರ್ ಅಲ್ಲ, ಥೆರಪಿಸ್ಟ್ ಕೂಡ ಅಲ್ಲ. ಆಟಿಸಂ ಇರುವ ಏಳು ವರ್ಷದ ಒಬ್ಬ ಹುಡುಗನ ತಾಯಿ, ಅಷ್ಟೆ. ಇವತ್ತು ಅವನ ವಿಷಯ ಹೇಳುತ್ತೇನೆ, ಆದರೆ ಅವನ ಹೆಸರು ಹೇಳುವುದಿಲ್ಲ. ಮುಂದೆ ದೊಡ್ಡವನಾದಾಗ ತನ್ನ ಕತೆಯನ್ನು ಯಾರಿಗೆ, ಎಷ್ಟು ಹೇಳಬೇಕು ಎನ್ನುವುದು ಅವನಿಗೆ ಬಿಟ್ಟಿದ್ದು.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಸಂಘದ ಮೂವರು ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ನಮ್ಮ ಮಗೂನೂ ಕರೆದರೆ ತಿರುಗಿ ನೋಡಲ್ಲ, ಏನು ಮಾಡೋದು?" ಎಂದು ಕೇಳಿದ್ದಾರೆ. ಮೂವರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಂದು ಎಲ್ಲರ ಮುಂದೆ, ತಗ್ಗಿದ ದನಿ ಬಿಟ್ಟು ಹೇಳೋಣ ಎಂದುಕೊಂಡೆ.

ಮೊದಲು ತಪ್ಪು ಯಾರದ್ದೂ ಅಲ್ಲ ಎನ್ನುವ ಮಾತು

ಆಟಿಸಂ ಅಥವಾ ಸ್ವಲೀನತೆ ರೋಗವಲ್ಲ. ಮೆದುಳು ಬೆಳೆಯುವ ಬಗೆಯಲ್ಲಿರುವ ವ್ಯತ್ಯಾಸ ಅದು. ಇತರರೊಡನೆ ಸಂವಹನ, ಬೆರೆಯುವಿಕೆ, ಒಂದೇ ರೀತಿಯ ಕೆಲಸಗಳ ಮೇಲಿನ ಒಲವು, ಶಬ್ದ-ಬೆಳಕು-ಸ್ಪರ್ಶಗಳನ್ನು ಗ್ರಹಿಸುವ ರೀತಿ, ಇವುಗಳಲ್ಲಿ ಆ ವ್ಯತ್ಯಾಸ ಕಾಣುತ್ತದೆ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಗಮನಿಸಿ ಬರೆದ ಲೇಖನದಿಂದ ಈ ಹೆಸರು ಚಾಲ್ತಿಗೆ ಬಂತು.

ಆಮೇಲಿನ ಸುಮಾರು ಎರಡು ದಶಕ ಇದಕ್ಕೆ ತಾಯಂದಿರನ್ನೇ ಹೊಣೆ ಮಾಡಲಾಯಿತು. ತಾಯಿಯ ಮನಸ್ಸು ತಣ್ಣಗಿದ್ದರೆ, ಪ್ರೀತಿ ತೋರಿಸದಿದ್ದರೆ ಮಗು ಹೀಗಾಗುತ್ತದೆ ಎಂದರು. ಅಂಥ ತಾಯಂದಿರಿಗೆ 'ರೆಫ್ರಿಜರೇಟರ್ ಮದರ್' ಎಂಬ ಹೆಸರನ್ನೇ ಇಟ್ಟಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಇರುವ ಮಗನ ತಂದೆ, ಪುಸ್ತಕ ಬರೆದು ಈ ವಾದ ಸುಳ್ಳೆಂದು ತೋರಿಸಿದರು. ಆದರೂ ಇವತ್ತಿಗೂ "ನೀನು ಕೆಲಸಕ್ಕೆ ಹೋದೆ, ಅದಕ್ಕೇ ಹೀಗಾಯ್ತು", "ಮೊಬೈಲ್ ಕೊಟ್ಟಿದ್ದಕ್ಕೆ" ಎನ್ನುವ ಮಾತು ಕೇಳದ ತಾಯಿ ನಮ್ಮಲ್ಲಿ ಇಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಒಂದು ಲೇಖನ ಬಂದಿತ್ತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ದಯವಿಟ್ಟು ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ.

ನನ್ನ ಮಗ ಒಂದೂವರೆ ವರ್ಷಕ್ಕೆ ಬೆರಳು ಮಾಡಿ ಏನನ್ನೂ ತೋರಿಸುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದರೆ ಓಡಿ ಬರುತ್ತಿದ್ದ. ಅಂದರೆ ಕಿವಿ ಚೆನ್ನಾಗಿದೆ. ಆಟದ ಕಾರನ್ನು ಓಡಿಸದೆ ಚಕ್ರ ತಿರುಗಿಸುತ್ತಾ ಕೂರುತ್ತಿದ್ದ. "ಗಂಡು ಹುಡುಗರು ಮಾತು ತಡ, ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂದರು ಮನೆಯವರು. ನಾನೂ ನಂಬಿದೆ, ಏಕೆಂದರೆ ನಂಬುವುದು ಸುಲಭವಿತ್ತು. ಹಾಗೆ ಒಂದು ವರ್ಷ ಹೋಯಿತು. ಎಂ-ಚ್ಯಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇದೆ, ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ. ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದು ಆಟಿಸಂ ಇದೆ ಎಂದು ತೀರ್ಪು ಕೊಡುವುದಿಲ್ಲ, ವೈದ್ಯರಿಗೆ ತೋರಿಸಬೇಕೇ ಎಂದು ಹೇಳುತ್ತದೆ. ಅನುಮಾನ ಬಂದರೆ ಕಾಯಬೇಡಿ. ತೋರಿಸಿ, ಏನೂ ಇಲ್ಲ ಎಂದಾದರೆ ಸಂತೋಷ.

ಕಲಿಸುವುದರ ಹಿಂದಿನ ಲೆಕ್ಕ

ಎರಡೂವರೆ ವರ್ಷಕ್ಕೆ ಆಟಿಸಂ ಎಂದು ಹೇಳಿದ ಮೇಲೆ ಮೂರಕ್ಷರದ ಒಂದು ಹೆಸರು ಎಲ್ಲ ಕಡೆ ಕೇಳಿಸತೊಡಗಿತು: ಎಬಿಎ. ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ನಾವು ನಡವಳಿಕೆಯ ವಿಶ್ಲೇಷಣೆ ಎನ್ನೋಣ. ಇದರ ಬುನಾದಿ ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿಯ ಕೆಲಸ. ತತ್ತ್ವ ಬಹಳ ಸರಳ: ಯಾವ ನಡವಳಿಕೆಯ ನಂತರ ನಮಗೆ ಬೇಕಾದ್ದು ಸಿಗುತ್ತದೋ ಆ ನಡವಳಿಕೆ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ರೀಇನ್ಫೋರ್ಸ್‌ಮೆಂಟ್ ಎನ್ನುತ್ತಾರೆ. ಸಂಬಳ ಬರುತ್ತದೆ, ಆದ್ದರಿಂದ ನಾವೆಲ್ಲ ಸೋಮವಾರ ಮತ್ತೆ ಆಫೀಸಿಗೆ ಹೋಗುತ್ತೇವೆ. ಹಾಗೇ ಇದೂ.

ಬಹಳ ಮಕ್ಕಳು ಸುತ್ತಲಿನವರನ್ನು ನೋಡಿ, ಅನುಕರಿಸಿ ಕಲಿಯುತ್ತಾರೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಾಗೆ ಗಾಳಿಯಲ್ಲಿ ತೇಲಿಬಂದದ್ದನ್ನು ಹಿಡಿಯುವುದು ಕಷ್ಟ. ಆದ್ದರಿಂದ ಕಲಿಸಬೇಕಾದ್ದನ್ನು ಚಿಕ್ಕ ತುಣುಕು ಮಾಡಿ, ಒಂದೇ ಕ್ರಮದಲ್ಲಿ, ಮತ್ತೆ ಮತ್ತೆ ಕಲಿಸುತ್ತಾರೆ. ಹೀಗೆ ಮೇಜಿನ ಮುಂದೆ ಕೂರಿಸಿ ಕಲಿಸುವ ವಿಧಾನಕ್ಕೆ ಡಿಸ್ಕ್ರೀಟ್ ಟ್ರಯಲ್ ಟ್ರೇನಿಂಗ್ ಎಂದು ಹೆಸರು. ಒಂದು ಉದಾಹರಣೆ ಕೊಡುತ್ತೇನೆ.

ಮಗುವಿನ ಮುಂದೆ ಲೋಟ ಮತ್ತು ಚಮಚ ಇಟ್ಟಿದ್ದೇವೆ. ಮೊದಲನೆಯದು ಸೂಚನೆ: "ಲೋಟ ಕೊಡು." ಎರಡೇ ಪದ. "ಪುಟ್ಟಾ, ಜಾಣ ಅಲ್ವಾ, ಅಮ್ಮಂಗೆ ಆ ಲೋಟ ಎತ್ತಿ ಕೊಡ್ತೀಯಾ" ಎಂದರೆ ಆ ಮಾತಿನ ರಾಶಿಯಲ್ಲಿ ಲೋಟ ಎಲ್ಲಿದೆ ಎಂದು ಮಗುವಿಗೆ ಗೊತ್ತಾಗುವುದಿಲ್ಲ. ಎರಡನೆಯದು, ಬೇಕಾದರೆ ನೆರವು: ಲೋಟದ ಕಡೆ ಬೆರಳು ತೋರಿಸುವುದು. ಮೂರನೆಯದು ಮಗುವಿನ ಪ್ರತಿಕ್ರಿಯೆ. ನಾಲ್ಕನೆಯದು ಫಲ: ಲೋಟ ಕೊಟ್ಟ ತಕ್ಷಣ ಮೆಚ್ಚುಗೆ, ಅವನಿಗಿಷ್ಟದ ಗುಳ್ಳೆ ಊದುವ ಆಟ. ಐದು ನಿಮಿಷ ಬಿಟ್ಟು ಕೊಟ್ಟರೆ ಯಾವುದಕ್ಕೆ ಸಿಕ್ಕಿತು ಎಂದು ಅವನಿಗೆ ತಿಳಿಯುವುದಿಲ್ಲ. ತಪ್ಪಾದರೆ ಬೈಗುಳವಿಲ್ಲ, ಮತ್ತೊಮ್ಮೆ ಹೆಚ್ಚು ನೆರವು ಕೊಟ್ಟು ಸರಿ ಮಾಡಿಸುವುದು. ಐದನೆಯದು ಒಂದು ಸಣ್ಣ ಬಿಡುವು. ಇಷ್ಟಾದರೆ ಒಂದು ಟ್ರಯಲ್.

ಇಲ್ಲಿ ನೆರವಿನ ವಿಷಯ ಮುಖ್ಯ. ಕೊಟ್ಟ ನೆರವನ್ನು ಮೆಲ್ಲಗೆ ಹಿಂದಕ್ಕೆ ತೆಗೆಯಬೇಕು. ಮೊದಲು ಬೆರಳು ಮುಟ್ಟಿಸಿ, ಆಮೇಲೆ ದೂರದಿಂದ ತೋರಿಸಿ, ಆಮೇಲೆ ಬರೀ ನೋಟದಲ್ಲಿ, ಕೊನೆಗೆ ಏನೂ ಇಲ್ಲದೆ. ತೆಗೆಯದಿದ್ದರೆ ಮಗು ಲೋಟ ಕಲಿಯುವುದಿಲ್ಲ, ನಮ್ಮ ಬೆರಳನ್ನು ಓದುವುದು ಕಲಿಯುತ್ತದೆ. ಇನ್ನೊಂದು: ಮೇಜಿನ ಮೇಲಿನ ನೀಲಿ ಪ್ಲಾಸ್ಟಿಕ್ ಲೋಟ ಗೊತ್ತಾದರೆ ಅಡುಗೆಮನೆಯ ಸ್ಟೀಲ್ ಲೋಟ ಗೊತ್ತಾಯಿತು ಎಂದಲ್ಲ. ಬೇರೆ ಬೇರೆ ಲೋಟ, ಬೇರೆ ಜಾಗ, ಬೇರೆ ವ್ಯಕ್ತಿಗಳ ಜೊತೆ ಮತ್ತೆ ಕಲಿಸಬೇಕು.

ಚಡ್ಡಿ ಹಾಕಿಕೊಳ್ಳಲು ಆರು ಹೆಜ್ಜೆ

ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುತ್ತೇವೆ. ಇಲ್ಲೂ ಹಾಗೇ, ಟಾಸ್ಕ್ ಅನಾಲಿಸಿಸ್ ಎನ್ನುತ್ತಾರೆ. ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ. ಬರೆದು ನೋಡಿದರೆ ಆರು: ಎರಡು ಕೈಯಲ್ಲಿ ಹಿಡಿಯುವುದು, ಮುಂಭಾಗ ಯಾವುದೆಂದು ನೋಡುವುದು, ಬಲಗಾಲು ತೂರಿಸುವುದು, ಎಡಗಾಲು ತೂರಿಸುವುದು, ಮೊಣಕಾಲಿನವರೆಗೆ ಎಳೆಯುವುದು, ಸೊಂಟದವರೆಗೆ ಎಳೆಯುವುದು.

ನಾವು ಕೊನೆಯ ಹೆಜ್ಜೆಯಿಂದ ಶುರು ಮಾಡಿದೆವು. ಐದು ಹೆಜ್ಜೆ ನಾನು ಮಾಡುವುದು, ಸೊಂಟಕ್ಕೆ ಎಳೆದುಕೊಳ್ಳುವುದು ಮಾತ್ರ ಅವನು. ಅದಾದ ಮೇಲೆ ಕೊನೆಯ ಎರಡು ಅವನದು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. ನಮಗೆ ನಾಲ್ಕು ತಿಂಗಳು ಹಿಡಿಯಿತು. ನಗಬೇಡಿ, ಆರನೆಯ ಹೆಜ್ಜೆಯೂ ಅವನದಾದ ದಿನ ನಾವು ಮನೆಯಲ್ಲಿ ಕೇಸರಿಬಾತ್ ಮಾಡಿದೆವು.

ಇದೇ ರೀತಿ ಚಿತ್ರಗಳ ವೇಳಾಪಟ್ಟಿ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಅವರು ಬೆಳೆಸಿದ 'ಟೀಚ್' ಎಂಬ ಕ್ರಮದಲ್ಲಿ ಇದಕ್ಕೆ ಬಹಳ ಮಹತ್ವ. ಮಗುವನ್ನೇ ಬದಲಿಸಲು ಹೊರಡದೆ, ಮಗುವಿಗೆ ಅರ್ಥವಾಗುವಂತೆ ಸುತ್ತಲಿನ ಜಾಗವನ್ನೂ ಸಮಯವನ್ನೂ ಜೋಡಿಸುವುದು ಅದರ ದಾರಿ. ನಮ್ಮ ಫ್ರಿಜ್ಜಿನ ಮೇಲೆ ಹಲ್ಲುಜ್ಜು, ಸ್ನಾನ, ಇಡ್ಲಿ, ಸ್ಕೂಲ್ ವ್ಯಾನ್ ಎಂದು ಫೋಟೋಗಳ ಸಾಲಿದೆ. ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಮುಂದೇನು ಎಂದು ಗೊತ್ತಿದ್ದರೆ ಗಾಬರಿ ಕಡಿಮೆ. ಮಾತು ಬಾರದ ಮಕ್ಕಳಿಗೆ ಚಿತ್ರ ಕೊಟ್ಟು ವಸ್ತು ಪಡೆಯಲು ಕಲಿಸುವ 'ಪೆಕ್ಸ್' ಎಂಬ ಪದ್ಧತಿಯೂ ಇದೆ. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಶುರು ಮಾಡಿದ್ದು. ಚಿತ್ರ ಕೊಟ್ಟರೆ ಮಾತು ಬರುವುದಿಲ್ಲ ಎನ್ನುವ ಭಯ ಬೇಡ. ಚಿತ್ರ ಬಳಸಿದ್ದರಿಂದ ಮಾತಿಗೆ ಅಡ್ಡಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ.

ಹಟದ ಹಿಂದೆ ಏನಿದೆ

ಮಗು ಕಿರುಚುತ್ತದೆ, ಎಸೆಯುತ್ತದೆ. "ಹಟಮಾರಿ, ಎರಡು ಬಿಟ್ಟರೆ ಸರಿಹೋಗ್ತಾನೆ" ಎನ್ನುವುದು ನಮ್ಮ ಊರಿನ ಪರಿಹಾರ. ಈ ವಿಧಾನದಲ್ಲಿ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಹಾಕಬೇಕು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಒಂದು ವಾರ ಬರೆದರೆ ಕಾರಣ ಕಾಣತೊಡಗುತ್ತದೆ. ಸಾಮಾನ್ಯವಾಗಿ ನಾಲ್ಕು: ಯಾರದಾದರೂ ಗಮನ ಬೇಕು, ಯಾವುದೋ ವಸ್ತು ಬೇಕು, ಯಾವುದರಿಂದಲೋ ತಪ್ಪಿಸಿಕೊಳ್ಳಬೇಕು, ಅಥವಾ ಆ ಕ್ರಿಯೆಯೇ ಮೈಗೆ ಹಿತ ಕೊಡುತ್ತದೆ. ಇವುಗಳ ಜೊತೆ ಹೊಟ್ಟೆನೋವು, ಹಲ್ಲುನೋವು, ನಿದ್ದೆ ಕಡಿಮೆ ಇದೆಯೇ ಎಂದು ಮೊದಲೇ ನೋಡಬೇಕು. ಹೇಳಲು ಬಾರದ ಮಗುವಿನ ನೋವೂ ಹಟದಂತೆಯೇ ಕಾಣುತ್ತದೆ.

ಕಾರಣ ತಿಳಿದ ಮೇಲೆ ಅದೇ ಫಲ ಸಿಗುವ ಒಳ್ಳೆಯ ದಾರಿಯನ್ನು ಕಲಿಸುವುದು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಇಬ್ಬರು ಇದನ್ನು ಅಧ್ಯಯನ ಮಾಡಿ ತೋರಿಸಿದರು: ಕಷ್ಟದ ಪಾಠ ತಪ್ಪಿಸಿಕೊಳ್ಳಲು ರಂಪ ಮಾಡುವ ಮಗುವಿಗೆ ಸಹಾಯ ಕೇಳುವುದನ್ನು ಕಲಿಸಿದರೆ ರಂಪ ಕಡಿಮೆಯಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದುವ ಮೊದಲು ನಾನು ದೊಡ್ಡ ತಪ್ಪೊಂದನ್ನು ಮಾಡಿದೆ. ಅದನ್ನು ಹೇಳದೆ ಈ ಭಾಷಣ ಮುಗಿಸಿದರೆ ಅಪ್ರಾಮಾಣಿಕತೆಯಾಗುತ್ತದೆ.

ನಾನು ಮಾಡಿದ ತಪ್ಪು

ಈ ಕ್ಷೇತ್ರದಲ್ಲಿ ಬಹಳ ಹೆಸರಾದ ಅಧ್ಯಯನ 1987ರಲ್ಲಿ ಐವಾರ್ ಲೋವಾಸ್ ಪ್ರಕಟಿಸಿದ್ದು. ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಲಿಸಿದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿ ದಾಟಿದರು ಎಂಬುದು ಅದರ ಸಾರಾಂಶ. ಅದನ್ನು ಓದಿ ನಾನು ಎಕ್ಸೆಲ್ ಶೀಟ್ ಮಾಡಿದೆ. ದಿನಕ್ಕೆ ಎಷ್ಟು ಟ್ರಯಲ್, ಎಷ್ಟು ಸರಿ, ಎಷ್ಟು ಶೇಕಡಾ. ವಾರದ ಗ್ರಾಫ್. ಆ ಅಧ್ಯಯನದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪಿಗೆ ಹಂಚಿರಲಿಲ್ಲ, ಅದೇ ಫಲಿತಾಂಶ ಎಲ್ಲರಿಗೂ ಬರುತ್ತದೆ ಎನ್ನಲಾಗದು ಎಂಬ ಟೀಕೆಯನ್ನು ನಾನು ಓದಿರಲಿಲ್ಲ. ಆ ಕಾಲದಲ್ಲಿ ಗದರಿಕೆ, ಹೊಡೆತಗಳನ್ನೂ ಬಳಸುತ್ತಿದ್ದರು, ಲೋವಾಸರ ಮೊದಲ ವರ್ಷಗಳ ಪ್ರಯೋಗಗಳಲ್ಲಿ ವಿದ್ಯುತ್ ಆಘಾತವೂ ಇತ್ತು ಎನ್ನುವುದು ಆಮೇಲೆ ತಿಳಿಯಿತು.

ನಾವು ಹೋಗುತ್ತಿದ್ದ ಕೇಂದ್ರದಲ್ಲಿ ಹೊಡೆಯುತ್ತಿರಲಿಲ್ಲ. ಆದರೆ ಮಗ ಸಂತೋಷವಾದಾಗ ಕೈ ಬಡಿಯುತ್ತಾನಲ್ಲ, ಹಕ್ಕಿ ರೆಕ್ಕೆ ಬಡಿದಂತೆ, ಅದನ್ನು ನಿಲ್ಲಿಸಲು ಎರಡೂ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿಯುತ್ತಿದ್ದರು. ಕಣ್ಣಲ್ಲಿ ಕಣ್ಣಿಡಲು ಗಲ್ಲ ಹಿಡಿದು ತಿರುಗಿಸುತ್ತಿದ್ದರು. ಅತ್ತರೂ ಎದ್ದು ಹೋಗಲು ಬಿಡಬಾರದು, ಬಿಟ್ಟರೆ ಅಳುವುದೇ ಕಲಿಯುತ್ತಾನೆ ಎಂದರು. ಹೊರಗಿನ ಕೋಣೆಯ ಟಿ.ವಿ.ಯಲ್ಲಿ ನಾನು ನೋಡುತ್ತಾ ಕೂರುತ್ತಿದ್ದೆ. ಒಂದು ದಿನ ನಲವತ್ತು ನಿಮಿಷ ಅತ್ತ. ಅವತ್ತಿನ ಶೀಟಿನಲ್ಲಿ 'ಕೈ ಸುಮ್ಮನೆ: ಶೇಕಡಾ 80' ಎಂದಿತ್ತು. ನಾನು ಆ ಸಂಖ್ಯೆಯನ್ನು ಖುಷಿಯಿಂದ ಎಕ್ಸೆಲ್‌ಗೆ ಹಾಕಿದೆ.

ಕೆಲವು ವಾರಗಳ ನಂತರ, ಥೆರಪಿಗೆ ಒಯ್ಯುವ ಕೆಂಪು ಚೀಲವನ್ನು ನಾನು ಕೈಗೆತ್ತಿಕೊಂಡರೆ ಸಾಕು, ಅವನು ಮಂಚದ ಕೆಳಗೆ ಹೋಗಿ ಮಲಗತೊಡಗಿದ. ಕೈ ಬಡಿಯುವುದು ನಿಂತಿತ್ತು. ಆದರೆ ಕೈ ಬಡಿಯುತ್ತಿದ್ದುದು ಸಂತೋಷಕ್ಕೆ, ಆ ಸಂತೋಷವೂ ಕಾಣುತ್ತಿರಲಿಲ್ಲ.

ಕೇಂದ್ರ ಬದಲಿಸಿದೆವು. ಹೊಸ ಕಡೆ ಚಿಕ್ಕ ವಯಸ್ಸಿನ ಒಬ್ಬ ಥೆರಪಿಸ್ಟ್ ಹುಡುಗಿ ನನ್ನ ಗ್ರಾಫ್‌ಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಮೇಡಂ, ಇವನಿಗೆ ಬೇಡ ಅನ್ನಿಸಿದರೆ ಹೇಗೆ ಹೇಳುತ್ತಾನೆ?" ನನ್ನ ಬಳಿ ಉತ್ತರವಿರಲಿಲ್ಲ. ಕೊಡು, ಕೂರು, ನೋಡು, ತೋರಿಸು ಎಂದು ನಾವು ಎಷ್ಟೋ ಕಲಿಸಿದ್ದೆವು. 'ಬೇಡ' ಎನ್ನುವುದನ್ನು ಕಲಿಸಿರಲಿಲ್ಲ.

ಅವಳು ಮೊದಲು ಮಾಡಿದ್ದು 'ಸಾಕು' ಎಂಬ ಹಳದಿ ಕಾರ್ಡ್. ಅದನ್ನು ಕೊಟ್ಟರೆ ತಕ್ಷಣ ಮೇಜಿನಿಂದ ಎದ್ದು ಹೋಗಬಹುದು. ಮೊದಲ ವಾರ ಕೂತ ಕೂಡಲೇ ಕಾರ್ಡ್ ಕೊಡುತ್ತಿದ್ದ. "ಹೀಗಾದರೆ ಕಲಿಯುವುದು ಯಾವಾಗ?" ಎಂದು ನನಗೆ ಸಂಕಟ. "ಇದೂ ಕಲಿಕೆಯೇ ಮೇಡಂ. ನಮ್ಮ ಮಾತನ್ನು ಅವನು ಕೇಳಬೇಕಾದರೆ ಅವನ ಮಾತನ್ನು ನಾವು ಕೇಳುತ್ತೇವೆ ಎಂದು ಮೊದಲು ಗೊತ್ತಾಗಲಿ" ಎಂದಳು. ಆಮೇಲೆ "ಇನ್ನೊಂದು ಮಾಡಿ, ಆಮೇಲೆ ಸಾಕು" ಬಂತು. ನಂತರ ಇನ್ನೆರಡು. ಎರಡು ತಿಂಗಳಲ್ಲಿ ಅಳುವಿಲ್ಲದೆ ಹನ್ನೆರಡು ನಿಮಿಷ ಕೂರತೊಡಗಿದ. ಕೈ ಬಡಿಯುವುದೂ ವಾಪಸ್ಸು ಬಂತು. ಬರಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಇದು ಮಹಿಳಾ ವೇದಿಕೆ, ಆದ್ದರಿಂದ ಇನ್ನೊಂದು ಮಾತು ಬಿಚ್ಚಿ ಹೇಳುತ್ತೇನೆ. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಬಾಗುವುದನ್ನೇ ಕಲಿತ ಮಗು, ಕೆಟ್ಟ ಉದ್ದೇಶದಿಂದ ಮುಟ್ಟುವವನಿಗೂ ಬೇಡ ಎನ್ನಲಾರದು. ಆಟಿಸಂ ಇರುವ ಹೆಣ್ಣುಮಕ್ಕಳ ತಾಯಂದಿರು ಇದನ್ನು ಮರೆಯಲೇಬಾರದು. ಆಟಿಸಂ ಇರುವ ಎಷ್ಟೋ ಮಂದಿ ದೊಡ್ಡವರಾದ ಮೇಲೆ, ತಾವು ಚಿಕ್ಕಂದಿನಲ್ಲಿ ಪಡೆದ ಇಂಥ ತರಬೇತಿ ತಮ್ಮನ್ನು ನೋಯಿಸಿತು ಎಂದು ಬರೆದಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಕು. ವಿಧಾನ ಬೇಡ ಎನ್ನುತ್ತಿಲ್ಲ, ನನ್ನ ಮಗನಿಗೆ ಅದರಿಂದ ಬಹಳ ಉಪಯೋಗವಾಗಿದೆ. ಏನನ್ನು ಕಲಿಸುತ್ತಿದ್ದೇವೆ, ಯಾರ ಅನುಕೂಲಕ್ಕಾಗಿ ಕಲಿಸುತ್ತಿದ್ದೇವೆ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು ಎನ್ನುತ್ತಿದ್ದೇನೆ.

ಅಜ್ಜಿಯ ಡಬ್ಬಿ

ಈಗ ಕನ್ನಡದ ವಿಷಯ. ಮೊದಲ ಕೇಂದ್ರದಲ್ಲಿ ನಮಗೆ, "ಮನೆಯಲ್ಲಿ ಒಂದೇ ಭಾಷೆ ಇರಲಿ, ಇಂಗ್ಲಿಷ್ ಮಾತ್ರ ಮಾತನಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ" ಎಂದಿದ್ದರು. ನಾವು ವಿದ್ಯಾವಂತರು, ಪಾಲಿಸಿದೆವು. ನಮ್ಮ ಅತ್ತೆ ರಾಯಚೂರು ಜಿಲ್ಲೆಯವರು, ಅವರಿಗೆ ಇಂಗ್ಲಿಷ್ ಬರುವುದಿಲ್ಲ. "ಅವನ ಜೊತೆ ಮಾತಾಡಬೇಡಿ ಅಮ್ಮ, ಗೊಂದಲ ಆಗುತ್ತೆ" ಎಂದು ನಾನೇ ಹೇಳಿದೆ. ಎಂಟು ತಿಂಗಳು ಒಬ್ಬ ಅಜ್ಜಿ ತನ್ನ ಮೊಮ್ಮಗನ ಎದುರು ಬಾಯಿ ಮುಚ್ಚಿಕೊಂಡು ಓಡಾಡಿದರು.

ಒಂದು ಭಾನುವಾರ ಅಡುಗೆಮನೆಯಿಂದ ಸ್ಪಷ್ಟವಾಗಿ "ತಗಿ" ಎಂಬ ಶಬ್ದ ಕೇಳಿಸಿತು. ಮಗನ ದನಿ. ಹೋಗಿ ನೋಡಿದರೆ ಅತ್ತೆಯ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಮುಚ್ಚಳ ಬಿಗಿಯಾಗಿದೆ, ಇವನು ಅದರ ಮೇಲೆ ಕೈಯಿಟ್ಟುಕೊಂಡು ಅಜ್ಜಿಯ ಮುಖ ನೋಡುತ್ತಿದ್ದಾನೆ. ಥೆರಪಿಯಲ್ಲಿ "ಓಪನ್" ಎನ್ನಿಸಲು ನಾವು ತಿಂಗಳುಗಟ್ಟಲೆ ಒದ್ದಾಡಿದ್ದೆವು. ಅತ್ತೆ ಅಪರಾಧಿಯಂತೆ ನನ್ನ ಕಡೆ ತಿರುಗಿ, "ನೀವು ಆಫೀಸಿಗಿ ಹೋದ ಮ್ಯಾಲ ನಾ ಕನ್ನಡದಾಗ ಮಾತಾಡ್ತಿದ್ದೆ ನೋಡವಾ, ಸಿಟ್ಟಾಗಬ್ಯಾಡ" ಎಂದರು.

ಅವರು ಮಾಡಿದ್ದೇನು? ಮಗುವಿಗೆ ಬಹಳ ಬೇಕಾದ ವಸ್ತುವನ್ನು ಕಣ್ಣಿಗೆ ಕಾಣುವಂತೆ ಇಟ್ಟರು. ಒಂದೇ ಪದ ಹೇಳಿದರು. ಕಾದರು. ಸ್ವಲ್ಪ ಸದ್ದು ಮಾಡಿದರೂ ಮೊದಮೊದಲು ಮುಚ್ಚಳ ತೆಗೆದು ಕೊಟ್ಟರು. ದಿನಕ್ಕೆ ನಾಲ್ಕು ಸಲ, ತಪ್ಪದೆ. ಮೇಜು ಕುರ್ಚಿ ಬಿಟ್ಟು ದಿನನಿತ್ಯದ ಆಟ-ಊಟದ ನಡುವೆ, ಮಗುವಿನ ಆಸಕ್ತಿಯ ಬೆನ್ನು ಹಿಡಿದು ಕಲಿಸುವ ವಿಧಾನಗಳಿಗೆ ಇಂದು ಬಹಳ ಒತ್ತು ಕೊಡುತ್ತಿದ್ದಾರೆ. ನಮ್ಮತ್ತೆ ಅದನ್ನೇ ಮಾಡಿದ್ದರು, ಹೆಸರು ಗೊತ್ತಿಲ್ಲದೆ.

ಆಮೇಲೆ ನಾನು ಹುಡುಕಿ ಓದಿದೆ. ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳ ಮಾತು ಅದರಿಂದಾಗಿ ಹಿಂದೆ ಬೀಳುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ತಾಯಿ ತನಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತಾಡುವುದು ಒಳ್ಳೆಯದು. ಹೊರನಾಡಿನಲ್ಲಿರುವ ನಮಗೆ ಇದು ಬಹಳ ಮುಖ್ಯ. ಸೂಚನೆಗಳನ್ನು ಕನ್ನಡದಲ್ಲಿ ಕೊಡಿ. ಥೆರಪಿಸ್ಟ್ ತೆಲುಗಿನವರಾದರೆ ನೀವು ಮನೆಯಲ್ಲಿ ಬಳಸುವ ಇಪ್ಪತ್ತು ಕನ್ನಡ ಪದಗಳನ್ನು ಬರೆದುಕೊಡಿ. ನಮ್ಮ ಥೆರಪಿಸ್ಟ್ ಹುಡುಗಿ ಈಗ ಚೆನ್ನಾಗಿ "ಸಾಕು", "ತಗಿ" ಎನ್ನುತ್ತಾಳೆ.

ಕೈಗೆ ಸಿಗುವ ನೆರವು

ಎಲ್ಲರಿಗೂ ವಾರಕ್ಕೆ 40 ಗಂಟೆಯ ಥೆರಪಿ ಕೊಡಿಸಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಜ್ಞರಲ್ಲದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ಪೋಷಕರಿಗೆ ಮಗುವಿನೊಡನೆ ಸಂವಹನ ಮಾಡುವ ಬಗೆಯನ್ನು ಹೇಳಿಕೊಟ್ಟರು. ತಾಯಿ ಮಗುವಿನ ನಡುವಿನ ಸಂವಹನ ಉತ್ತಮವಾಯಿತು. ಮನೆಯಲ್ಲೇ ಬಹಳಷ್ಟು ಸಾಧ್ಯ ಎನ್ನಲು ಇಷ್ಟು ಸಾಕು.

ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ ಕೇಂದ್ರ ಸರ್ಕಾರದ ಎನ್‌ಐಇಪಿಐಡಿ ಸಂಸ್ಥೆ ಇದೆ, ನಮ್ಮ ಊರಲ್ಲೇ. ಕರ್ನಾಟಕಕ್ಕೆ ಹೋದಾಗ ಕನ್ನಡದಲ್ಲೇ ತೋರಿಸಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರದ ಜೊತೆ ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ. "ಕಾರ್ಡ್ ಮಾಡಿಸಿದರೆ ಮಗುವಿಗೆ ಮುದ್ರೆ ಬೀಳುತ್ತೆ" ಎಂದು ನಾವೂ ಎರಡು ವರ್ಷ ಹಿಂಜರಿದೆವು. ಕಾರ್ಡಿನಿಂದ ಮಗನೇನೂ ಬದಲಾಗಲಿಲ್ಲ.

ಕೇಂದ್ರ ಆರಿಸುವಾಗ ನಾಲ್ಕು ಪ್ರಶ್ನೆ ಕೇಳಿ. ಕಲಿಸುವವರ ಅರ್ಹತೆ ಏನು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ? ನಾನು ಒಳಗೆ ಕೂತು ನೋಡಬಹುದೇ? ಮಗು ಅತ್ತರೆ ಏನು ಮಾಡುತ್ತೀರಿ? ಮುಂದಿನ ಮೂರು ತಿಂಗಳ ಗುರಿ ಏನು, ಅದರಿಂದ ಮಗುವಿನ ಬದುಕಿಗೆ ಏನು ಅನುಕೂಲ? ಆರು ತಿಂಗಳಲ್ಲಿ ಪೂರ್ತಿ ಗುಣ ಮಾಡುತ್ತೇವೆ ಎಂದವರ ಬಾಗಿಲಿನಿಂದ ಹಾಗೇ ವಾಪಸ್ಸು ಬನ್ನಿ.

ನಿಮ್ಮಲ್ಲಿ ಒಂದು ಕೋರಿಕೆ

ನನ್ನ ಮಗ ಈಗ ಎರಡು ಮೂರು ಪದಗಳ ವಾಕ್ಯ ಹೇಳುತ್ತಾನೆ. ಸಹಾಯಕ ಶಿಕ್ಷಕಿಯ ಜೊತೆ ಶಾಲೆಗೆ ಹೋಗುತ್ತಾನೆ. ಚಡ್ಡಿ, ಅಂಗಿ ತಾನೇ ಹಾಕಿಕೊಳ್ಳುತ್ತಾನೆ, ಗುಂಡಿ ಇನ್ನೂ ಆಗುವುದಿಲ್ಲ. ಮುಂದೆ ಎಷ್ಟು ಕಲಿಯುತ್ತಾನೋ ತಿಳಿಯದು. ಎಕ್ಸೆಲ್ ಶೀಟ್ ಈಗಲೂ ಇದೆ. ಅದರಲ್ಲಿ ಒಂದು ಹೊಸ ಕಾಲಂ ಸೇರಿಸಿದ್ದೇನೆ: 'ಇವತ್ತು ನಕ್ಕನೇ?'

ಕಳೆದ ರಾಜ್ಯೋತ್ಸವದಲ್ಲಿ ಡೊಳ್ಳು ಶುರುವಾದಾಗ ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತ. ಹಿಂದಿನಿಂದ ಯಾರೋ "ಮಗೂನ ಸರಿಯಾಗಿ ಬೆಳೆಸಿಲ್ಲ" ಎಂದರು. ನಾವು ಊಟ ಮಾಡದೆ ಮನೆಗೆ ಹೋದೆವು. ಯಾರ ಮೇಲೂ ಕೋಪವಿಲ್ಲ, ಗೊತ್ತಿಲ್ಲದೆ ಆಡಿದ ಮಾತು. ಆದರೆ ಹೀಗೆ ಊಟ ಮಾಡದೆ ಹೋಗುವ ಕುಟುಂಬಗಳು ಮುಂದಿನ ವರ್ಷ ಬರುವುದೇ ಇಲ್ಲ. ಆಮೇಲೆ ನಾವು, "ನಮ್ಮ ಸಂಘದಲ್ಲಿ ಅಂಥ ಮಕ್ಕಳು ಯಾರೂ ಇಲ್ಲ" ಎಂದುಕೊಳ್ಳುತ್ತೇವೆ.

ದೊಡ್ಡದೇನೂ ಕೇಳುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಮೈಕಿನ ಸದ್ದಿಲ್ಲದ ಒಂದು ಚಿಕ್ಕ ಕೋಣೆ, ನಾಲ್ಕು ಚಾಪೆ. ಇಂಥ ಮಗು ಸಿಕ್ಕರೆ "ಆಂಟಿಗೆ ನಮಸ್ತೆ ಹೇಳು" ಎಂದು ಒತ್ತಾಯಿಸಬೇಡಿ. ಒಂದು ಚಿಕ್ಕ ಮಾತು ಆಡಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಉತ್ತರ ಬರಬಹುದು. ಬರದಿದ್ದರೂ ನೀವು ಕಾದಿರಿ ಎನ್ನುವುದನ್ನು ಅದರ ತಾಯಿ ಮರೆಯುವುದಿಲ್ಲ.

ಇವತ್ತು ಅವನು ಮನೆಯಲ್ಲಿದ್ದಾನೆ, ಅಜ್ಜಿಯ ಜೊತೆ. ನಾನು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಳದಿ ಕಾರ್ಡ್ ತಂದು ಕೈಗೆ ಕೊಟ್ಟ: ಹೋಗುವುದು ಸಾಕು ಎಂದು. ಬೇಗ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಆದ್ದರಿಂದ ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ.